ಮಗಳಿಗೊಂದು ಪತ್ರ: ಕ್ಯಾಪ್ಸೂಲ್ ಸದ್ಯಕ್ಕೆ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಹೊಟ್ಟೆ ಉಬ್ಬರ, ಸರಿಯಾಗಿ ಮಲವಿಸರ್ಜನೆ ಆಗ್ತಿಲ್ಲ, ಯಾವ ಪ್ರೋಬಯಾಟಿಕ್ ಕ್ಯಾಪ್ಸೂಲ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ) ತಗೊಳ್ಳಲಿ ಅಂತ ನೀನು ಕೇಳಿದ್ದೆ. ಅಂಗಡಿ ತುಂಬ ಗಿರಾಕಿಗಳಿದ್ದರು, ಫೋನಿನಲ್ಲಿ ವಿವರವಾಗಿ ಹೇಳಲಾಗಲಿಲ್ಲ. ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ಅಪ್ಪನೇ ಹೇಳುತ್ತಿದ್ದೇನೆ: ಸದ್ಯಕ್ಕೆ ಯಾವುದೂ ಬೇಡ.

ನಮ್ಮ ದೊಡ್ಡ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇವೆ. ನಮಗೆ ಜೀರ್ಣವಾಗದ ನಾರಿನಂಶವೇ ಅವುಗಳ ಊಟ. ಅದನ್ನು ತಿಂದು ಅವು ಬ್ಯುಟಿರೇಟ್ ಅನ್ನುವ ವಸ್ತು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ನೀನು ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಕ್ಯಾಂಟೀನಿನ ಅನ್ನ, ರಾತ್ರಿ ನೂಡಲ್ಸ್ ತಿಂದರೆ ಅವಕ್ಕೆ ಸಿಗುವುದೇನು? ಹಣ ಕೊಟ್ಟು ಹೊಸ ಬ್ಯಾಕ್ಟೀರಿಯಾ ನುಂಗಿದರೂ ಅವೂ ಉಪವಾಸವೇ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ ತಿರುವುವುದು ಕಷ್ಟ ಅನ್ನಿಸಿದರೆ ರೊಟ್ಟಿ ತಟ್ಟು, ಇಲ್ಲವೇ ಅಂಬಲಿ ಕಾಯಿಸಿಕೋ. ಜೊತೆಗೆ ಸೊಪ್ಪು, ಮೊಳಕೆ ಕಾಳು, ಒಂದು ಸೀಬೆಹಣ್ಣು. ಆದರೆ ಇವತ್ತೇ ಎಲ್ಲ ಶುರು ಮಾಡಬೇಡ. ಅಭ್ಯಾಸವಿಲ್ಲದ ಕರುಳಿಗೆ ಒಮ್ಮೆಲೇ ನಾರು ಹೆಚ್ಚಾದರೆ ಉಬ್ಬರ ಇನ್ನೂ ಜಾಸ್ತಿಯಾಗುತ್ತದೆ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸು, ನೀರನ್ನೂ ಚೆನ್ನಾಗಿ ಕುಡಿ.

ಮೊಸರನ್ನು ಮನೆಯಲ್ಲೇ ಮಾಡಿಕೋ. ಹಾಲು ಉಕ್ಕಿದ ಮೇಲೆ ಆರಲು ಬಿಡು. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರಬೇಕು, ಚುರುಕ್ ಅನ್ನಬಾರದು. ಬಿಸಿ ಹೆಚ್ಚಾದರೆ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಸತ್ತು ಹಾಲು ಹಾಲಾಗಿಯೇ ಉಳಿಯುತ್ತದೆ. ಒಂದು ಚಮಚ ಹೆಪ್ಪು ಹಾಕಿ ಕದಡಿ, ಬೆಂಗಳೂರಿನ ಚಳಿಗೆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಅಲುಗಾಡಿಸದೆ ಇಡು. ನಿನ್ನಮ್ಮನ ಮಜ್ಜಿಗೆಹುಳಿ ನಿನಗೆ ಪ್ರಾಣ ಅಂತ ಗೊತ್ತು, ಆದರೆ ಕುದಿಸಿದ ಮೊಸರಿನಲ್ಲಿ ಆ ಜೀವಿಗಳು ಉಳಿಯುವುದಿಲ್ಲ. ಅನ್ನ ಆರಿದ ಮೇಲೆ ಮೊಸರು ಕಲಸಿಕೋ.

ಇನ್ನೊಂದು ಮಾತು, ಅಪ್ಪ ಇದನ್ನೆಲ್ಲ ಬರೆಯುತ್ತಾರಲ್ಲ ಅಂತ ಸಂಕೋಚ ಬೇಡ. ಆಫೀಸಿನ ಕ್ಯಾಬ್ ಬಂತು ಅಂತ ಬೆಳಗಿನ ಹೊತ್ತು ತಡೆದುಕೊಂಡು ಓಡಬೇಡ. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಿಗ್ಗೆ ಅದು ಇನ್ನೂ ಜೋರು. ದಿನಾ ತಡೆದರೆ ಮಲ ಒಣಗಿ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಮುಂಚೆ ಏಳು, ತಿಂಡಿ ತಿಂದು ನಿಧಾನವಾಗಿ ಹೋಗು. ಕಮೋಡಾದರೆ ಕಾಲಡಿಗೆ ಒಂದು ಗಿಡ್ಡ ಮಣೆ ಇಟ್ಟುಕೋ, ಮೊಣಕಾಲು ಮೇಲೆ ಬಂದರೆ ಸಲೀಸು. ರಾತ್ರಿ ಊಟವಾದ ತಕ್ಷಣ ಮಲಗದೆ ಸ್ವಲ್ಪ ಓಡಾಡು.

ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗಬೇಡ. ನೆಗಡಿ ವೈರಸ್ಸಿನಿಂದ ಬರುತ್ತದೆ, ಆ ಮಾತ್ರೆ ಅದನ್ನು ಏನೂ ಮಾಡುವುದಿಲ್ಲ, ಸಾಯುವುದು ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ. ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೋ, ಆಗ ಅವರು ಹೇಳಿದಷ್ಟು ದಿನ ತಪ್ಪಿಸಬೇಡ. ಗ್ಯಾಸ್ ಮಾತ್ರೆಯನ್ನೂ ನೀನಾಗಿಯೇ ತಿಂಗಳುಗಟ್ಟಲೆ ಎಳೆಯಬೇಡ. ಕೇಳಿಕೊಂಡು ಬರುವವರನ್ನು ಅಂಗಡಿಯಲ್ಲಿ ದಿನವೂ ನೋಡುತ್ತೇನೆ, ಅವರಲ್ಲಿ ನೀನೊಬ್ಬಳಾಗುವುದು ನನಗೆ ಬೇಡ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಬಿಡದ ಭೇದಿ, ಇವುಗಳಲ್ಲಿ ಒಂದು ಕಂಡರೂ ರಾಗಿ, ಮೊಸರು ಅಂತ ಕಾಯಬೇಡ. ಅವತ್ತೇ ನನಗೆ ಫೋನ್ ಮಾಡು. ಅಂಗಡಿ ಮುಚ್ಚಿ ಬಂದು ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಪ್ಪ