ಹೊಗೆ ಬಿದ್ದ ದಿನ ಕಡುಬು ಕುದಿಸಿಯೇ ಮಾಡು

ಗಂಗಾವತಿ

ಅವ್ವಾ ಅನ್ನಪೂರ್ಣಾ,

ನಿನ್ನವ್ವ ಫೋನಿನಲ್ಲಿ ಊಟ-ತಿಂಡಿ ವಿಚಾರಿಸಿ ಮುಗಿಸುವಷ್ಟರಲ್ಲಿ ನಿನಗೆ ಆಫೀಸಿನ ಹೊತ್ತಾಗುತ್ತದೆ. ನನ್ನ ಮಾತು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡಿಗೆ ಬೆಂಕಿ ಬೀಳುವ ಕಾಲ ಮತ್ತೆ ಬಂತಲ್ವಾ?

2020ರ ಸೆಪ್ಟೆಂಬರ್ 9ರಂದು ನೀನು ಫ್ರೀಮಾಂಟ್‌ನಿಂದ ಕಳಿಸಿದ ಫೋಟೋ ನನ್ನ ಹತ್ತಿರ ಇನ್ನೂ ಇದೆ. ಬೆಳಿಗ್ಗೆಯೇ ಬೀದಿ ದೀಪ ಉರಿಯುತ್ತಿತ್ತು. ಆಕಾಶ ಕಿತ್ತಳೆ ಹಣ್ಣಿನ ಬಣ್ಣ. ನಾನು ಗಾಬರಿಯಾದರೆ ನೀನು, "ಅಪ್ಪಾ, ಹೊಗೆ ಮೇಲೆ ನಿಂತಿದೆ, ಕೆಳಗಿನ ಹವೆ ಅಷ್ಟೇನೂ ಕೆಟ್ಟಿಲ್ಲ" ಅಂದೆ. ಸಮುದ್ರದ ತಂಪು ಗಾಳಿ ಅದನ್ನು ಇಳಿಯಲು ಬಿಟ್ಟಿರಲಿಲ್ಲವಂತೆ. ಮುಂದಿನ ದಿನಗಳಲ್ಲಿ ಆ ಬಣ್ಣ ಹೋಯಿತು, ಹೊಗೆ ನೆಲಕ್ಕಿಳಿಯಿತು, ನಿನಗೆ ದಮ್ಮು ಶುರುವಾಯಿತು. ಹಾಗಾಗಿ ಆಕಾಶ ನೋಡಿ ನಂಬಬೇಡ. ಏರ್‌ನೌ ಆ್ಯಪ್ ತೆಗೆದು ಗಾಳಿ ಎಷ್ಟು ಕೆಟ್ಟಿದೆ ಅನ್ನುವ ನಂಬರ್ ನೋಡು. 100 ದಾಟಿದರೆ ನಿನಗೂ ಪುಟ್ಟನಿಗೂ ಹೊರಗಿನ ಓಡಾಟ ಬೇಡ. 150 ದಾಟಿದರೆ ಅಳಿಯಂದಿರೂ ಓಟ, ವ್ಯಾಯಾಮ ಬಿಡಲಿ.

ಮಾಸ್ಕ್ ವಿಚಾರದಲ್ಲಿ ಮಾತ್ರ ನಾನು ಹೇಳಿದ್ದು ಕೇಳು. 22 ವರ್ಷ ರೈಸ್ ಮಿಲ್ಲಿನ ಧೂಳು ತಿಂದವನು ನಾನು. ಬಾಯಿಗೆ ಟವೆಲ್ ಕಟ್ಟಿಕೊಳ್ಳುತ್ತಿದ್ದೆವು. ಸಂಜೆ ಬಿಚ್ಚಿದರೆ ಅದರ ತುಂಬ ತೌಡು. ಇಷ್ಟಾದರೂ ತಡೆಯಿತಲ್ಲ ಅಂತ ಸಮಾಧಾನ. ಆದರೆ ಹೊಗೆ ತೌಡಲ್ಲ. ಅದರ ಕಣ 2.5 ಮೈಕ್ರಾನ್‌ಗಿಂತ ಸಣ್ಣದು, ತಲೆಗೂದಲಿನ ದಪ್ಪದಲ್ಲಿ ಸುಮಾರು 30ರಲ್ಲೊಂದು ಪಾಲು. ಟವೆಲ್ಲು, ಬಟ್ಟೆ ಮಾಸ್ಕು, ಒದ್ದೆ ಕರ್ಚೀಫು ಯಾವುದಕ್ಕೂ ಅದು ಸರಿಯಾಗಿ ಸಿಗುವುದಿಲ್ಲ. ಸೀದಾ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಸಣ್ಣ ಕಣ ತಡೆಯುವ ಎನ್95 ಮಾಸ್ಕ್ ಹಾಕು, ಎರಡೂ ಪಟ್ಟಿ ತಲೆಯ ಹಿಂದಕ್ಕೆ ಹೋಗಬೇಕು, ಮೂಗಿನ ಮೇಲಿನ ತಂತಿ ಒತ್ತಿರಬೇಕು. ಅಳಿಯಂದಿರ ಗಡ್ಡದ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. (ನಾನು ಹೇಳಿದೆ ಅನ್ನಬೇಡ.) ಪುಟ್ಟನ ಮುಖದ ಅಳತೆಗೂ ಅದು ಮಾಡಿದ್ದಲ್ಲ, ಅವನನ್ನು ಒಳಗೇ ಇಟ್ಟುಕೊ.

ಇಡೀ ಮನೆ ಕಾಯುವುದು ಆಗದ ಮಾತು. ಒಂದು ರೂಮು ಆರಿಸು, ಕಿಟಕಿ ಹಾಕು, ಗಾಳಿ ಸೋಸುವ ಹೆಪಾ ಫಿಲ್ಟರಿನ ಯಂತ್ರ ಅಲ್ಲೇ ಓಡಲಿ, ರಾತ್ರಿ ಮೂವರೂ ಅಲ್ಲೇ ಮಲಗಿ. ಕಾರಿನಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತು. ಹೋದ ವರ್ಷ ಗಣಪನ ಹಬ್ಬಕ್ಕೆ ನೀನು ಊದುಬತ್ತಿ ಹಚ್ಚಿ ಕಡುಬು ಕರಿದಾಗ ಆ ಯಂತ್ರದ ದೀಪ ಕೆಂಪಾಯಿತು ಅಂತ ನಾವೆಲ್ಲ ನಕ್ಕಿದ್ದೆವು. ನಗುವ ವಿಷಯ ಅಲ್ಲ ಅದು. ಹೊರಗಿನ ಹೊಗೆ ತಡೆಯಲು ಕಿಟಕಿ ಹಾಕಿ, ಒಳಗೆ ನಾವೇ ಹೊಗೆ ಎಬ್ಬಿಸಿದಂತಾಯಿತು. ಅಂಥ ದಿನ ಬಂದರೆ ಗಣಪನಿಗೆ ಹೂವು, ಗರಿಕೆ ಸಾಕು. ಕಡುಬು ಕುದಿಸಿದ್ದೇ ಇರಲಿ. ನಿನ್ನವ್ವ ಇದಕ್ಕೆ ಒಪ್ಪಿಲ್ಲ. ಊದುಬತ್ತಿ ಇಲ್ಲದ ಪೂಜೆ ಎಂಥದು ಅಂತ ನಿನ್ನೆಯಿಂದ ನನ್ನ ಜೊತೆ ಮಾತು ಕಡಿಮೆ.

ನಿನಗೆ ಆಗ ಒಂಬತ್ತು ವರ್ಷ. ಎರಡನೇ ಬೆಳೆ ಕೊಯ್ಸಿದ ಮೇಲೆ ಭತ್ತದ ಕೂಳೆಗೆ ಕಡ್ಡಿ ಗೀರಿದವನು ನಾನೇ. ಆ ರಾತ್ರಿಯೆಲ್ಲ ನೀನು ಕೆಮ್ಮಿದೆ. "ನಾವು ಒಲೆ ಹೊಗೆಯಲ್ಲೇ ಬೆಳೆದಿಲ್ವಾ" ಅಂತ ಗೊಣಗಿ ನಾನು ಮಗ್ಗುಲು ಬದಲಿಸಿದೆ. ನಿನ್ನವ್ವ ನಿನ್ನನ್ನು ಎದೆಗೆ ಆನಿಸಿಕೊಂಡು ಬೆಳಗಿನ ತನಕ ಕೂತಿದ್ದಳು.

ಈ ವರ್ಷ ಸುಡಲಿಲ್ಲ. ರೋಟವೇಟರ್ ಹೊಡೆಸಿ ಕೂಳೆಯನ್ನು ಮಣ್ಣಿಗೇ ಸೇರಿಸಿದೆ. ಖರ್ಚು ಜಾಸ್ತಿ ಬಂತು. ಪಕ್ಕದ ಹೊಲದವರು ಸುಟ್ಟರು, ಹೊಗೆಯೆಲ್ಲ ನಮ್ಮ ಮನೆಗೇ ಬಂತು. ನಾನು ಏನೂ ಅನ್ನಲಿಲ್ಲ. ಯಾವ ಬಾಯಿಂದ ಅನ್ನಲಿ?

ದಮ್ಮಿಗೆ ದಿನಾ ಎಳೆಯುವ ಪಂಪನ್ನು (ಇನ್ಹೇಲರ್) ಆರಾಮ ಇದ್ದೇನೆ ಅಂತ ಬಿಡಬೇಡ. ದಮ್ಮು ಬಂದಾಗಿನದು ಕೈಗೆ ಸಿಗುವಂತೆ ಇರಲಿ. ಅದನ್ನು ಎಳೆದ ಮೇಲೂ ಎದೆ ಬಿಗಿತ ಇಳಿಯದಿದ್ದರೆ ನಮಗಲ್ಲ, ಮೊದಲು ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡು. ಎರಡೂ ಪಂಪಿನ ಮೇಲಿನ ಅವಧಿ ಮುಗಿಯುವ ತಾರೀಖು ಓದಿ ಇಟ್ಟುಕೊ. ಭಾನುವಾರ ರಾತ್ರಿ ಎಂಟಕ್ಕೆ, ನಿಮಗೆ ಬೆಳಿಗ್ಗೆ ಏಳೂವರೆಗೆ, ನಾನೇ ಮಾಡುತ್ತೇನೆ. ಈ ಸಲ ಮೊದಲು ನನ್ನ ಕೈಯಲ್ಲೇ ಫೋನ್.

ನಿನ್ನ ಅಪ್ಪ