ಅರ್ಜಿ ಸಿಕ್ಕಿದ್ದು ‘ಇತರೆ’ಯಲ್ಲಿ!

ಮಾನ್ಯ ಸಂಪಾದಕರೇ,

ತೀರಿಕೊಂಡ ಬಂಧುವೊಬ್ಬರ ಮರಣ ಪ್ರಮಾಣಪತ್ರಕ್ಕಾಗಿ ಈಚೆಗೆ ಸಾರ್ವಜನಿಕ ಸೇವೆಯ ಜಾಲತಾಣವೊಂದರಲ್ಲಿ ಮುಕ್ಕಾಲು ಗಂಟೆ ಅಲೆದೆ. ಆ ತಾಣ ಆಗಷ್ಟೇ ‘ಹೊಸ ರೂಪ’ ಪಡೆದಿತ್ತು. ಬಣ್ಣ ಬದಲಾಗಿತ್ತು, ಮುಖಪುಟದಲ್ಲಿ ಚಿತ್ರಗಳು ತಾವಾಗಿಯೇ ಸರಿಯುತ್ತಿದ್ದವು. ‘ನಮ್ಮ ಬಗ್ಗೆ’, ‘ಆಡಳಿತ ರಚನೆ’, ‘ಸುತ್ತೋಲೆಗಳು’ ಎಲ್ಲವೂ ಇದ್ದವು. ನನಗೆ ಬೇಕಿದ್ದ ಅರ್ಜಿ ಕೊನೆಗೆ ಸಿಕ್ಕಿದ್ದು ‘ಇತರೆ’ ಎಂಬಲ್ಲಿ. ‘ಡೆತ್ ಸರ್ಟಿಫಿಕೇಟ್’ ಎಂದು ಹುಡುಕಿದರೆ ಏನೂ ಬರಲಿಲ್ಲ. ಇಲಾಖೆಯ ಭಾಷೆಯಲ್ಲಿ ಅದು ‘ಮರಣ ನೋಂದಣಿಯ ದೃಢೀಕೃತ ನಕಲು’ ಅಂತೆ. ನಾನು ದಾರಿ ತಪ್ಪಿ ತಿರುವಿಹಾಕಿದ ಪುಟಗಳೆಲ್ಲ ‘ಇಷ್ಟು ಬಾರಿ ವೀಕ್ಷಣೆ’ ಎಂಬ ಸಾಧನೆಯ ಲೆಕ್ಕಕ್ಕೆ ಸೇರಿರಬೇಕು.

ಇಲ್ಲಿ ತಂತ್ರಜ್ಞಾನದ ದೋಷವೇನೂ ಇರಲಿಲ್ಲ. ಕಚೇರಿಯ ವಿಭಾಗಗಳು ಹೇಗಿವೆಯೋ ಹಾಗೆಯೇ ತಾಣವನ್ನು ಕಟ್ಟಿದ್ದರು. ಯಾವ ವಿಭಾಗ ಯಾವ ಅಧಿಕಾರಿಯ ಕೆಳಗಿದೆ ಎಂಬುದು ಒಳಗಿನವರಿಗೆ ಗೊತ್ತು. ಸಾವಿನ ಮನೆಯಿಂದ ಬಂದವರಿಗೆ ಅದು ಏಕೆ ಬೇಕು?

ಬ್ರಿಟನ್ ಸರ್ಕಾರ 2012ರಲ್ಲಿ ತನ್ನ ಎರಡು ದೊಡ್ಡ ತಾಣಗಳನ್ನು ಮುಚ್ಚಿ ‘ಗವ್.ಯುಕೆ’ ಎಂಬ ಒಂದನ್ನು ತೆರೆಯಿತು; ಆಮೇಲೆ ನೂರಾರು ಸಂಸ್ಥೆಗಳ ತಾಣಗಳೂ ಅದರೊಳಗೆ ಬಂದವು. ‘ಬಳಕೆದಾರರ ಅಗತ್ಯದಿಂದ ಆರಂಭಿಸಿ’ ಎಂಬುದು ಅದನ್ನು ಕಟ್ಟಿದ ತಂಡದ ಮೊದಲ ಸೂತ್ರ. ಚಿತ್ರವೇ ಇಲ್ಲವೆನ್ನುವಷ್ಟು ಸಪ್ಪೆಯಾದ ಆ ತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ವಿನ್ಯಾಸ ಪ್ರಶಸ್ತಿ ಕೊಟ್ಟಿತು.

ಬಳಕೆದಾರರ ಅಗತ್ಯ ತಿಳಿಯಲು ‘ಸಂಶೋಧನೆ’ ಬೇಕು ಎಂದೊಡನೆ ವೆಚ್ಚದ ನೆಪ ಹೇಳುವವರಿದ್ದಾರೆ. ಜನರು ಮಾಡಿಸಿಕೊಳ್ಳಬೇಕಾದ ಕೆಲಸಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ‘ಯಾವುದರ ಜೊತೆ ಯಾವುದು ಸೇರುತ್ತದೆ, ಜೋಡಿಸಿ’ ಎಂದು ಅವರ ಕೈಗೇ ಕೊಡಲು ಎಷ್ಟು ಖರ್ಚು? ಬಣ್ಣ, ಚಿತ್ರ ಯಾವುದೂ ಇಲ್ಲದ ಬರಿಯ ಮೆನುವನ್ನು ಮುಂದಿಟ್ಟು, ‘ಈ ಅರ್ಜಿಯನ್ನು ಎಲ್ಲಿ ಹುಡುಕುತ್ತೀರಿ?’ ಎಂದು ಕೇಳಿದರೆ ಅದರ ಹುಳುಕು ಅಲ್ಲಿಯೇ ತಿಳಿಯುತ್ತದೆ. ಐದು ಮಂದಿಯನ್ನು ತಾಣದ ಮುಂದೆ ಕೂರಿಸಿ ನೋಡಿದರೂ ಬಹುಪಾಲು ತೊಡಕುಗಳು ಹೊರಬೀಳುತ್ತವೆ ಎಂದು ಜಾಲತಾಣಗಳ ಬಳಕೆ ಸುಲಭವಾಗಿಸುವ ವಿಷಯದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿಯೇ ಬರೆದಿದ್ದರು. ಆದರೆ ಆ ಐವರೂ ಕಚೇರಿಯ ಸಿಬ್ಬಂದಿಯಾಗಿರಬಾರದು. ಸಣ್ಣ ಮೊಬೈಲಿನಲ್ಲಿ ಒಂದೇ ಹೆಬ್ಬೆರಳಿನಿಂದ ಅರ್ಜಿ ತುಂಬುವವರನ್ನು, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನೇ ನೆಚ್ಚಿದ ಅಂಧರನ್ನು ಬೇರೆಬೇರೆಯಾಗಿಯೇ ಕೂರಿಸಿ ನೋಡಬೇಕು.

ನೋಡುವವರು ಮಾತ್ರ ಬಾಯಿ ಬಿಡಬಾರದು. ಈ ಕೆಲಸದಲ್ಲಿ ಅತಿ ಕಷ್ಟದ್ದು ಇದೇ ಎನಿಸುತ್ತದೆ. ‘ಅಲ್ಲಲ್ಲ, ಮೇಲೆ ಒತ್ತಿ’ ಎಂದು ಅಧಿಕಾರಿಯೊಬ್ಬರು ತೋರಿಸಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಮನೆಯಲ್ಲಿ ಕುಳಿತವರಿಗೆ ಹಾಗೆ ತೋರಿಸಲು ಯಾರೂ ಇರುವುದಿಲ್ಲ. ಇನ್ನು ಜನರು ಹುಡುಕು ಪೆಟ್ಟಿಗೆಯಲ್ಲಿ ಬರೆದ ಪದಗಳು ಸರ್ವರ್‌ನಲ್ಲಿ ದಾಖಲಾಗುವಂತೆ ಮಾಡಬಹುದು. ತಿಂಗಳಿಗೊಮ್ಮೆ ಅವುಗಳ ಮೇಲೆ ಕಣ್ಣಾಡಿಸಿದರೂ ಸಾಕು, ಯಾವ ಮಾತನ್ನು ಬದಲಿಸಬೇಕೆಂದು ಗೊತ್ತಾಗುತ್ತದೆ.

ಮುಂದಿನ ಬಾರಿ ತಾಣದ ನವೀಕರಣಕ್ಕೆ ಟೆಂಡರ್ ಕರೆಯುವಾಗ ಇಂಥ ಪರೀಕ್ಷೆಯನ್ನು ಕರಾರಿನಲ್ಲಿಯೇ ಸೇರಿಸಲಿ. ಎಷ್ಟು ಮಂದಿ, ಎಲ್ಲಿ ಎಡವಿದರು ಎಂಬುದನ್ನು ಪ್ರಕಟಿಸಲಿ. ಹಣ ಪಾವತಿ ಅದರ ನಂತರವೇ ಆಗಲಿ. ‘ಇತರೆ’ ಎಂಬುದನ್ನು ತೆಗೆಯಲು ಮಾತ್ರ ಟೆಂಡರ್‌ವರೆಗೂ ಕಾಯಬೇಕಾಗಿಲ್ಲ.

ಇಂತಿ,
ಓರ್ವ ಓದುಗ