ಭಾನುವಾರದ ಟೆಸ್ಟ್: ವೆನ್, ವೈಲ್, ಅಂಟಿಲ್

ಎಲ್ಲರಿಗೂ ನಮಸ್ಕಾರ. ಭಾನುವಾರ ಧಾರವಾಡದ ಸಪ್ತಾಪುರ ರೂಮಿನಲ್ಲಿ ಇಂಗ್ಲಿಷ್ ಗ್ರಾಮರ್ ಟೆಸ್ಟ್ ಇದೆ. ವೆನ್, ವೈಲ್ ಎರಡೂ ಆಪ್ಷನ್‌ನಲ್ಲಿದ್ದರೆ ಸುಮ್ನೆ ಅಂದಾಜಿಗೆ ಟಿಕ್ ಹಾಕಬೇಡಿ. ಸ್ವಲ್ಪ ಹೊತ್ತು ನಡೆಯುತ್ತಲೇ ಇರುವ ಕೆಲಸಕ್ಕೆ ವೈಲ್: ‘ವೈಲ್ ಐ ವಾಸ್ ವೇಟಿಂಗ್ ಅಟ್ ಜುಬಿಲಿ ಸರ್ಕಲ್’. ನಡುವೆ ಥಟ್ಟನೆ ಆಗುವುದಕ್ಕೆ ವೆನ್: ‘ಐ ವಾಸ್ ವೇಟಿಂಗ್ ವೆನ್ ದ ಬಸ್ ಕೇಮ್’.

ಜಾಸ್ತಿ ಮಾರ್ಕ್ಸ್ ಹೋಗುವುದು ಅಂಟಿಲ್‌ನಲ್ಲಿ. ‘ವೇಟ್ ಅಂಟಿಲ್ ಹಿ ಡಸ್ ನಾಟ್ ಕಮ್’ ಅಂತ ಬರೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ! ಅಲ್ಲಿ ನಾಟ್ ಬೇಡ, ವಿಲ್ ಕೂಡ ಬೇಡ. ‘ವೇಟ್ ಅಂಟಿಲ್ ಹಿ ಕಮ್ಸ್’, ಅಷ್ಟೇ.

‘ಒಂದು ಆದ ಕೂಡಲೇ ಇನ್ನೊಂದು’ ಅನ್ನುವಾಗ ನೋ ಸೂನರ್ ಜೊತೆ ದ್ಯಾನ್, ಹಾರ್ಡ್ಲಿ ಜೊತೆ ವೆನ್. ಇದನ್ನು ಬಾಯಿಪಾಠ ಮಾಡಿಬಿಡಿ.

ಡೌಟ್ ಇದ್ದರೆ ಶನಿವಾರ ರಾತ್ರಿಯೊಳಗೆ ಈ ಗ್ರೂಪ್‌ನಲ್ಲೇ ಕೇಳಿ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ಹಾಕಬೇಡಿ.